ಕುಗ್ಗದ ಕೋಶಗಳ ಬಗ್ಗೆ ಪುಟ್ಟಿಗೆ

ಪುಟ್ಟೀ,

ಸ್ಟೆಮ್ ಸೆಲ್ಲಿನಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶದಿಂದ, ನಯ ಸ್ನಾಯು ಬೆಳೆಸುವ ನಿನ್ನ ಪ್ರಯೋಗದ ಮಾತು ಕೇಳಿ ನಿನ್ನೆ ಫೋನಿಟ್ಟ ಮೇಲೆ ನಿದ್ದೆ ಹತ್ತಲಿಲ್ಲ. "ಸ್ನಾಯುವಿನ ಪ್ರೋಟೀನ್ ಆಕ್ಟಿನ್ ಚೆನ್ನಾಗೇ ಕಾಣ್ತಿದೆ ಅಮ್ಮಾ, ಆದ್ರೆ ಕೋಶಗಳು ಕುಗ್ತಾನೇ ಇಲ್ಲ" ಅಂದೆಯಲ್ಲ, ಆ ದನಿ ಕಿವಿಯಲ್ಲೇ ಉಳಿಯಿತು. ನೀನು ಕಳಿಸಿದ್ದ ಲೇಖನಗಳನ್ನು ಮತ್ತೆ ತೆಗೆದು ಕೂತೆ.

ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟೆ. ನಯ ಸ್ನಾಯು ಎಂದರೆ ಪಟ್ಟೆಗಳಿಲ್ಲದ, ನಮ್ಮ ಇಚ್ಛೆಗೆ ಒಳಪಡದ ಸ್ನಾಯು. ಕರುಳು, ಮೂತ್ರಕೋಶ, ರಕ್ತನಾಳದ ಗೋಡೆಯಲ್ಲಿರುತ್ತದೆ. ಪುಸ್ತಕದಲ್ಲಿದ್ದದ್ದು ಅಷ್ಟೇ. ಅದು ಬಲಿತ ಮೇಲೂ ಹಿಂದಕ್ಕೆ ಹೋಗಬಲ್ಲದು ಎನ್ನುವುದು ನಿನ್ನಿಂದ ತಿಳಿಯಿತು. ನಾಳಕ್ಕೆ ಪೆಟ್ಟಾದರೆ ಅದು ಕುಗ್ಗುವ ಕೆಲಸ ಬಿಟ್ಟು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಕೊಲಾಜನ್ ಎಂಬ ಗಟ್ಟಿ ನಾರಿನ ಪ್ರೋಟೀನ್ ಕಟ್ಟುತ್ತದೆ. ಗಟ್ಟಿ ಪ್ಲಾಸ್ಟಿಕ್ ತಟ್ಟೆಯಲ್ಲಿ, ಕೋಶ ಬೆಳೆಯಲೆಂದು ಹಾಕುವ ಅಷ್ಟೊಂದು ಸೀರಂ (ರಕ್ತದ ತಿಳಿ ದ್ರವ) ನಡುವೆ ಇರುವ ನಿನ್ನ ಕೋಶಗಳೂ ಗಾಯದ ನಡುವೆ ಇರುವಂತೆಯೇ ವರ್ತಿಸುತ್ತಿರಬಹುದು. ಇನ್ನೊಂದು ಸಂಶಯ: ನೀನು ಕಂಡ ಆಲ್ಫಾ ಆಕ್ಟಿನ್ ಗಾಯ ಮಾಯಿಸುವ ಕೋಶಗಳಾದ ಮಯೋಫೈಬ್ರೋಬ್ಲಾಸ್ಟ್‌ಗಳಲ್ಲೂ ಇರುತ್ತದೆ. ನಯ ಸ್ನಾಯುವಿನದೇ ಆದ ಮಯೋಸಿನ್ ಹೆವಿ ಚೈನ್ ಎಂಬ ಪ್ರೋಟೀನ್ ಕಂಡಿತೇ? ಅದು ಕಾಣುವ ತನಕ ಸ್ಟೆಮ್ ಸೆಲ್ ಸ್ನಾಯುವಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಡ.

ಪ್ರಯೋಗಾಲಯದಲ್ಲಿ ರಕ್ತನಾಳ ಬೆಳೆಸಲು 1999ರಲ್ಲಿ ಅಮೆರಿಕದ ವಿಜ್ಞಾನಿ ಲಾರಾ ನಿಕ್ಲಾಸನ್ ಅವರ ತಂಡ ಮಾಡಿದ್ದನ್ನು ಎರಡು ಸಲ ಓದಿದೆ. ಕರಗಿಹೋಗುವ ಪಾಲಿಗ್ಲೈಕಾಲಿಕ್ ಆಮ್ಲದ ನಳಿಕೆಯ ಮೇಲೆ ದನದ ಮಹಾಪಧಮನಿಯ ನಯ ಸ್ನಾಯು ಕೋಶಗಳನ್ನು ಬಿತ್ತಿ, ಎಂಟು ವಾರ ನಿಮಿಷಕ್ಕೆ 165 ಸಲ ಮಿಡಿಸಿದರಂತೆ. ಮಿಡಿತ ಸಿಕ್ಕ ನಾಳಗಳ ಗೋಡೆ ದಪ್ಪವಾಯಿತು, ಕೊಲಾಜನ್ ಕೂಡಿತು. ಎಂಟು ವಾರ, ಪುಟ್ಟಿ! ನೀನು ಮೂರನೇ ವಾರಕ್ಕೇ ಅಳುತ್ತಿದ್ದೀಯ.

ನನ್ನ ಎಡಗಾಲಿನ ಗಾಯದ ಗೆರೆ ನಿನಗೆ ಗೊತ್ತೇ ಇದೆ. ಬೈಪಾಸಿಗೆ ಬಲಗಾಲಿನ ಅಭಿಧಮನಿ ಉಬ್ಬಿ ಹೋಗಿ ಕೆಲಸಕ್ಕೆ ಬರಲಿಲ್ಲ, ಎಡಗಾಲಿನದನ್ನು ತೆಗೆದರು. ಇನ್ನೊಮ್ಮೆ ಬೇಕೆಂದರೆ ಕಾಲಲ್ಲಿ ಉಳಿದಿಲ್ಲ. 6 ಮಿಲಿಮೀಟರಿಗಿಂತ ಸಣ್ಣ ಕೃತಕ ನಳಿಕೆ ಹಾಕಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ, ಪ್ರಯೋಗಾಲಯದಲ್ಲಿ ಬೆಳೆಸಿದ ನಾಳ ಕೈಕಾಲಿನ ಅಪಧಮನಿಗೆ ಪೆಟ್ಟಾದವರಿಗೆ. ಅದನ್ನು ದಾನಿಗಳ ನಯ ಸ್ನಾಯು ಕೋಶಗಳು ಕಟ್ಟುತ್ತವೆ, ಆಮೇಲೆ ಆ ಕೋಶಗಳನ್ನು ತೊಳೆದು ತೆಗೆಯುತ್ತಾರೆ. ಅರವತ್ತು ದಾಟಿದ ನನ್ನಂಥವರ ನಾಳದಿಂದಲೇ ಕೋಶ ತೆಗೆದು ಬೆಳೆಸೋಣವೆಂದರೆ ಅವು ಹೆಚ್ಚು ಸಲ ವಿಭಜನೆಯಾಗವು. ಚರ್ಮದ ಕೋಶವನ್ನು ಸ್ಟೆಮ್ ಸೆಲ್ ಸ್ಥಿತಿಗೆ ಮರಳಿಸಬಹುದೆಂದು ಜಪಾನಿನ ವಿಜ್ಞಾನಿ ಯಮನಾಕ 2007ರಲ್ಲಿ ಮನುಷ್ಯರ ಕೋಶದಲ್ಲೇ ತೋರಿಸಿದರು. ಅಲ್ಲಿಂದ ಮುಂದಿನದು ನಿನ್ನ ತಟ್ಟೆಯಲ್ಲಿದೆ.

ನಿನ್ನ ಗೈಡನ್ನು ಕೇಳಿ ಸೀರಂ ಇಳಿಸು, ಕೋಶವನ್ನು ಸ್ನಾಯುವಿನತ್ತ ತಳ್ಳುವ ಟಿಜಿಎಫ್-ಬೀಟಾ ಪ್ರೋಟೀನ್ ಮುಂದುವರಿಸು, ಮೆತ್ತನೆಯ ಜೆಲ್ ಮೇಲೆ ಬೆಳೆಸಿ ನೋಡು. ಸ್ನಾಯುವನ್ನು ಕುಗ್ಗಿಸುವ ಔಷಧಿ ಕಾರ್ಬಕಾಲ್ ಬಿಟ್ಟಾಗ ಒಂದೇ ಒಂದು ಕೋಶ ಕುಗ್ಗಿದರೂ ವಿಡಿಯೊ ಕಳಿಸು, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ
ಅಮ್ಮ