ಗೇರ್ ಬೀಳದಿದ್ದರೆ ಗೇರ್‌ಬಾಕ್ಸೇ ಹೋಯಿತು ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟವನ್ನು ತಪ್ಪದೆ ಓದುತ್ತೇನೆ. ಅದರಲ್ಲಿ ಬರುವುದೆಲ್ಲ ಹೊಸ ಕಾರು, ಹೊಸ ಬೈಕು, ಈಗೀಗ ಬ್ಯಾಟರಿ ಗಾಡಿ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತು ತರುವುದರಲ್ಲಿ ಹಳೆ ಬೊಲೆರೊ ಪಿಕಪ್‌ಗಳು, ಟಾಟಾ 207 ಪಿಕಪ್‌ಗಳು ಎಷ್ಟೋ ಇವೆ. ಎರಡು ಮೂರು ಕೈ ಬದಲಾದ ಗಾಡಿಗಳು. ಅವುಗಳ ಬಗ್ಗೆಯೂ ಆಗಾಗ ಅರ್ಧ ಕಾಲಂ ಬರೆಯಬಹುದಲ್ವಾ? ಸದ್ಯಕ್ಕೆ ಈ ಪತ್ರಕ್ಕೆ ಜಾಗ ಕೊಡಿ.

ಹೋದ ಸೀಸನ್‌ನಲ್ಲಿ ನಮ್ಮ ಭಾವಮೈದುನನ ಪಿಕಪ್‌ಗೆ ಫಸ್ಟ್ ಗೇರ್ ಬೀಳದಾಯಿತು. ರಿವರ್ಸ್ ಹಾಕಿದರೆ ಗರ್ರ್ ಅನ್ನುತ್ತಿತ್ತು. ಗ್ಯಾರೇಜಿನವರು ಗಾಡಿಯೊಳಗೆ ಕೂತು ಕೂಡ ನೋಡದೆ, 'ಗೇರ್‌ಬಾಕ್ಸ್ ಇಳಿಸಬೇಕು, ಬಿಟ್ಟುಹೋಗಿ' ಅಂದರು. ತೋಟದಲ್ಲಿ ಹಣ್ಣು ಕೆಂಪಾಗಿ ನಿಂತಿರುವಾಗ ಗಾಡಿ ಬಿಟ್ಟುಬರುವುದು ಅಂದರೆ ಏನು ಅಂತ ಬೆಳೆದವರಿಗೇ ಗೊತ್ತು. ಇವತ್ತು 15 ಕೆ.ಜಿ. ಬಾಕ್ಸಿಗೆ ಇದ್ದ ರೇಟು ನಾಳೆ ಇರುವುದಿಲ್ಲ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ನೋಡಿದಾಗ ಸಿಕ್ಕಿದ್ದು, ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸಿಲಿಂಡರ್) ಒಳಗೆ ಹರಿದ ರಬ್ಬರ್. ರಬ್ಬರ್ ಕಿಟ್ ಹಾಕಿ, ಆಯಿಲ್ ಲೈನಿನಲ್ಲಿ ಸೇರಿದ್ದ ಏರ್ ತೆಗೆದರು. ಅಷ್ಟೇ. ಗೇರ್‌ಬಾಕ್ಸ್ ಮುಟ್ಟಲೇ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ, ಸ್ಟೀರಿಂಗ್ ಹಿಡಿದು ಬದುಕಿದವನು. ಆದರೂ ಗ್ಯಾರೇಜಿಗೆ ಹೋಗುವ ಮೊದಲು ಮಾಲೀಕನೇ ಮಾಡಬಹುದಾದ ಪರೀಕ್ಷೆಗಳಿವೆ. ಎಂಜಿನ್ ಆಫ್ ಮಾಡಿ. ಕ್ಲಚ್ ತುಳಿದು ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬೀಳುವ ಗೇರು ಸ್ಟಾರ್ಟ್ ಮಾಡಿದ ಮೇಲೆ ಬೀಳುತ್ತಿಲ್ಲವೆಂದರೆ, ಹೆಚ್ಚಿನಂಶ ದೋಷ ಗೇರ್‌ಬಾಕ್ಸಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ನೀವು ತುಳಿದರೂ ಕ್ಲಚ್ ಪ್ಲೇಟ್ ಎಂಜಿನ್ ಜೊತೆ ತಿರುಗುತ್ತಲೇ ಇದೆ. ಇನ್ನು ಪೆಡಲ್ ಅನ್ನು ಎರಡು ಮೂರು ಸಲ ಬೇಗ ಬೇಗ ತುಳಿದಾಗ ಗೇರ್ ಬಿದ್ದರೆ ವಿಷಯ ಇನ್ನೂ ಸ್ಪಷ್ಟ. ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಸ್ಲೇವ್ ಸಿಲಿಂಡರ್ ಸೋತಿದೆ. ಡಬ್ಬಿಯಲ್ಲಿ ಕ್ಲಚ್ ಆಯಿಲ್ ಮಟ್ಟ ನೋಡಿ. ಪೆಡಲ್ ಮೇಲ್ಗಡೆ ಕೈಯಾಡಿಸಿ ಒದ್ದೆ ಇದೆಯಾ ನೋಡಿ. ಗಾಡಿ ಕೆಳಗೆ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ನೋಡಿ. ಕೇಬಲ್ ಕ್ಲಚ್ ಇರುವ ಗಾಡಿಯಾದರೆ ಕೇಬಲ್ ಸಡಿಲವಾಗಿದೆಯಾ, ಎಳೆ ಬಿಟ್ಟಿದೆಯಾ ನೋಡಬೇಕು. ಪೆಡಲ್ ಕೆಳಗೆ ದಪ್ಪ ಮ್ಯಾಟು ಹಾಕಿಕೊಂಡು ಕ್ಲಚ್ ಪೂರ್ತಿ ತುಳಿಯಲಾಗದೆ ಒದ್ದಾಡುವವರೂ ಇದ್ದಾರೆ!

ಒಂದೇ ಗೇರು, ಉದಾಹರಣೆಗೆ ಸೆಕೆಂಡ್ ಮಾತ್ರ, ಪ್ರತಿ ಸಲ ಗರ್ರ್ ಅಂದರೆ ಆಗ ಗೇರ್‌ಬಾಕ್ಸ್ ಒಳಗಿನ ಸಿಂಕ್ರೊನೈಸರ್ ರಿಂಗ್ (ಗೇರ್ ಸದ್ದಿಲ್ಲದೆ ಕೂರಲು ವೇಗ ಹೊಂದಿಸುವ ಬಳೆ) ಮೇಲೆ ಅನುಮಾನ ಪಡಬಹುದು. ಹಾಕಿದ ಗೇರು ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೂ ಹೆಚ್ಚಾಗಿ ಅಲ್ಲೇ ಕೆಲಸ. ಸದ್ದಿಗೂ ಲೆಕ್ಕವಿದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಸದ್ದು ಶುರುವಾಗಿ ಬಿಟ್ಟಾಗ ನಿಂತರೆ, ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ನೋಡಿಸಿ. ಬಿಟ್ಟಾಗ ಸದ್ದು, ತುಳಿದಾಗ ಇಲ್ಲ ಅಂದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್.

ಪ್ಲೇಟ್ ಸವೆದ ಲಕ್ಷಣವೇ ಬೇರೆ. ಲೋಡಿನಲ್ಲಿ ದಿಣ್ಣೆ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಹಾಗಂತ ಇದಕ್ಕೂ ಎಲ್ಲ ಸಲ ಪ್ಲೇಟೇ ಕಾರಣವಲ್ಲ. ಪೆಡಲ್‌ಗೆ ಚೂರೂ ಪ್ಲೇ, ಅಂದರೆ ಮೊದಲಿನ ಸಡಿಲ, ಇಲ್ಲದಿದ್ದರೆ ಒಳ್ಳೆ ಪ್ಲೇಟ್ ಕೂಡ ಸ್ಲಿಪ್ ಆಗುತ್ತದೆ.

ನಮ್ಮ ಕಡೆ ಪ್ಲೇಟ್ ಹೋಗುವುದು ರಸ್ತೆಗಿಂತ ಜಾಸ್ತಿ ಮಂಡಿ ಗೇಟಿನ ಸಾಲಿನಲ್ಲಿ ಅಂತ ನನ್ನ ಅನಿಸಿಕೆ. ಮೊದಲೇ ಓವರ್‌ಲೋಡ್. ಅದರ ಮೇಲೆ ಗಂಟೆಗಟ್ಟಲೆ ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲ್ ಅರ್ಧ ತುಳಿದುಕೊಂಡೇ, ಅಡಿ ಅಡಿ ಸರಿಯುವುದು. ಡ್ರೈವರುಗಳು ಮುಂದೆ ಜಾಗ ಆಗುವವರೆಗೆ ನ್ಯೂಟ್ರಲ್‌ನಲ್ಲಿ ನಿಂತು, ಆಮೇಲೆ ಒಮ್ಮೆಗೇ ಹೋಗಬಹುದು. ಆದರೆ ಮುಂದೆ ಜಾಗ ಬಿಟ್ಟರೆ ಪಕ್ಕದವನು ಮೂತಿ ತೂರಿಸುತ್ತಾನೆ! ಸೀಸನ್‌ನಲ್ಲಾದರೂ ಗೇಟಿನ ಬಳಿ ಟೋಕನ್ ಕೊಟ್ಟು ಗಾಡಿಗಳನ್ನು ನಿಲ್ಲಿಸಿ ಕರೆದರೆ ನಮ್ಮ ಡೀಸೆಲ್ಲೂ ಉಳಿಯುತ್ತದೆ, ಪ್ಲೇಟೂ ಉಳಿಯುತ್ತದೆ. ಮಾರುಕಟ್ಟೆಯವರು ಇದನ್ನು ಯೋಚಿಸಲಿ.

ಗ್ಯಾರೇಜಿನವರಲ್ಲಿ ಒಂದು ವಿನಂತಿ. ಗೇರ್‌ಬಾಕ್ಸ್ ಇಳಿಸುವ ಮುನ್ನ ಮಾಲೀಕನ ಎದುರಿಗೇ ಈ ಪರೀಕ್ಷೆಗಳನ್ನು ಮಾಡಿ ತೋರಿಸಿ. ಏನು ಸಿಕ್ಕಿತು ಅಂತ ಬಿಲ್ಲಿನಲ್ಲಿ ಬರೆಯಿರಿ. ಮಾಲೀಕರೂ ಅಷ್ಟೇ, ಹಳೆ ಪ್ಲೇಟನ್ನು ಕೇಳಿ ಪಡೆಯಿರಿ. ರಿವೆಟ್ ಮಟ್ಟಕ್ಕೆ ಸವೆದಿದ್ದರೆ ಬದಲಾಯಿಸಿದ್ದು ಸರಿ. ಆಯಿಲ್‌ನಲ್ಲಿ ನೆನೆದಿದ್ದರೆ ಎಂಜಿನ್ನಿನ ಹಿಂದಿನ ಸೀಲೋ, ಗೇರ್‌ಬಾಕ್ಸಿನ ಮುಂದಿನ ಸೀಲೋ ಸೋರುತ್ತಿದೆ ಅಂತ ಅರ್ಥ. ಅದನ್ನು ಹಾಗೇ ಬಿಟ್ಟರೆ ಹೊಸ ಪ್ಲೇಟೂ ಬೇಗ ಹಾಳಾಗುತ್ತದೆ. ಹೇಗೂ ಗೇರ್‌ಬಾಕ್ಸ್ ಇಳಿಸಿದ್ದಾರೆ ಅಂದಮೇಲೆ ರಿಲೀಸ್ ಬೇರಿಂಗನ್ನೂ ಆಗಲೇ ಹಾಕಿಸಿಬಿಡಿ. ಆಮೇಲೆ ಹಾಕಿಸಿದರೆ ಇಳಿಸುವ ಕೂಲಿ ಮತ್ತೆ ಕೊಡಬೇಕು.

— ಒಬ್ಬ ಪಿಕಪ್ ಮಾಲೀಕ, ಶ್ರೀನಿವಾಸಪುರ ತಾಲ್ಲೂಕು