ಗ್ಯಾದರಿಂಗಿಗೆ ಮೂರು ವಾರ ಇದ್ದಾಗ ಅಲ್ಲ, ಜೂನ್‌ನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರಿಗೆ,

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಗ್ಯಾದರಿಂಗಿನ, ಅಂದರೆ ವಾರ್ಷಿಕ ಸಮಾರಂಭದ, ಗಡಿಬಿಡಿ. ಪೆನ್‌ಡ್ರೈವಿನಲ್ಲಿ ನಾಲ್ಕು ಸಿನಿಮಾ ಹಾಡು, ಬಾಡಿಗೆ ಡ್ರೆಸ್ಸು, ಮೂರು ವಾರ ಸಂಜೆಯ ತಾಲೀಮು, ಒಂದು ರಾತ್ರಿಯ ಚಪ್ಪಾಳೆ. ಮರುದಿನ ಹಾರ್ಮೋನಿಯಂ ಮತ್ತೆ ಕಪಾಟು ಸೇರುತ್ತದೆ. ಪ್ರತಿಭಾ ಕಾರಂಜಿಯದೂ ಇದೇ ಪಾಡು: ಕ್ಲಸ್ಟರ್ ಮಟ್ಟದ ದಿನಾಂಕ ಗೊತ್ತಾದ ಮೇಲೆ ಯಾರು ಹಾಡುತ್ತಾರೆ, ಯಾರು ರಂಗೋಲಿ ಹಾಕುತ್ತಾರೆ ಎಂಬ ಹುಡುಕಾಟ. ಬಾಗಲಕೋಟೆ ಜಿಲ್ಲೆಯಲ್ಲಿ ಚಿತ್ರಕಲೆ, ಸಂಗೀತ, ಹೊಲಿಗೆ ಕಲಿಸುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಕೇಳಿಕೆ ಒಂದೇ. ಕಲೆಯ ತರಗತಿ ಶಾಲೆ ಬಿಟ್ಟ ಮೇಲೆ ಬೇಡ. ವೇಳಾಪಟ್ಟಿಯ ಒಳಗೇ ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ ಕೊಡಿ.

ಗಂಡುಹುಡುಗರನ್ನು ಸಂಜೆ ಆರರವರೆಗೆ ಉಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಗೆ ಮಾತ್ರ ಸಂಜೆಯ ಒಂದೇ ಬಸ್ಸು, ಅದು ತಪ್ಪಿದರೆ ಮನೆಯಲ್ಲಿ ಶಾಲೆಯ ಮಾತೇ ಕಷ್ಟವಾಗುತ್ತದೆ. ಊರಲ್ಲೇ ಇರುವವರಿಗೆ ನೀರು ತುಂಬುವ ಕೆಲಸ, ತಮ್ಮ–ತಂಗಿಯರ ಜವಾಬ್ದಾರಿ. ಹೀಗಾಗಿ ಸಂಜೆ ತಾಲೀಮಿಗೆ ಉಳಿಯುವವರು ಶಾಲೆಯ ಹತ್ತಿರದ ಓಣಿಗಳ ಹತ್ತು ಹನ್ನೆರಡು ಮಂದಿ. ಪ್ರತಿ ವರ್ಷ ಸ್ಟೇಜಿನ ಮೇಲೆ ಅವೇ ಮುಖಗಳು. ಉಳಿದವರಿಗೆ ‘ಪ್ರತಿಭೆ ಇಲ್ಲ’ ಎಂಬ ಹೆಸರು. ಬಸ್ಸಿನ ವೇಳೆಯೇ ಪ್ರತಿಭೆಯನ್ನು ತೀರ್ಮಾನಿಸುವುದು ಯಾವ ನ್ಯಾಯ?

ಎರಡು ಪೀರಿಯಡ್ ಯಾಕೆ ಒಟ್ಟಿಗೆ ಬೇಕು ಎಂಬುದು ಬಣ್ಣ ಕೈಗೆ ಹತ್ತಿಸಿಕೊಂಡವರಿಗೆ ಗೊತ್ತು. 40 ನಿಮಿಷದಲ್ಲಿ ಹಾಳೆ ಹಂಚಿ ನೀರು ತರಲು ಹತ್ತು ನಿಮಿಷ, ಕುಂಚ ತೊಳೆದು ಬೆಂಚು ಒರೆಸಲು ಇನ್ನೊಂದು ಹತ್ತು. ಉಳಿದ 20 ನಿಮಿಷದಲ್ಲಿ ಒಂದು ಬಣ್ಣ ಹಚ್ಚಿ, ಅದು ಒಣಗುವ ಮೊದಲೇ ಪಕ್ಕದ ಬಣ್ಣ ತಾಗಿಸಿ ಎರಡೂ ಕಲಸಿಹೋಗುತ್ತವೆ. ಹುಡುಗಿಯರು ಇದನ್ನು ‘ನನಗೆ ಚಿತ್ರ ಬರೋದಿಲ್ಲ’ ಎಂದು ತಿಳಿಯುತ್ತಾರೆ. ಬರದೇ ಇದ್ದದ್ದು ವೇಳೆ. 80 ನಿಮಿಷ ಸಿಕ್ಕರೆ ಮೊದಲ ಬಣ್ಣ ಒಣಗುವಷ್ಟರಲ್ಲಿ ಅಂಚಿನ ವಿನ್ಯಾಸ ಬಿಡಿಸಿಕೊಳ್ಳಬಹುದು.

40 ಮಕ್ಕಳ ತರಗತಿಗೆ ನಾಲ್ವರಂತೆ ಹತ್ತು ಗುಂಪು ಮಾಡಿ. ಪೋಸ್ಟರ್ ಬಣ್ಣದ 12 ಪುಟ್ಟ ಡಬ್ಬಿಯ ಸೆಟ್ ಪ್ರತಿಯೊಬ್ಬರಿಗೂ ಕೊಡಿಸುವುದು ದುಡ್ಡಿಗೆ ದಂಡ. ಕೆಂಪು, ಹಳದಿ, ನೀಲಿ, ಕಪ್ಪು ಒಂದೊಂದು ದೊಡ್ಡ ಬಾಟಲಿ, ಬಿಳಿ ಎರಡು ತಂದರೆ ಸಾಕು. ಬಿಳಿ ಎಲ್ಲಕ್ಕಿಂತ ಬೇಗ ಖಾಲಿಯಾಗುತ್ತದೆ. ಗುಂಪಿಗೆ 2, 6, 10ನೇ ನಂಬರಿನ ದುಂಡು ಕುಂಚಗಳು. ಬಣ್ಣ ಮಜ್ಜಿಗೆ ಹದಕ್ಕಿರಲಿ. ದಪ್ಪಗೆ ಬಳಿದದ್ದು ಹಾಳೆ ಸುತ್ತಿದ ಕೂಡಲೇ ಬಿರುಕು ಬಿಟ್ಟು ಉದುರುತ್ತದೆ. ಜಲವರ್ಣಕ್ಕೆ ನಮ್ಮ ಬಿಸಿಲೇ ಶತ್ರು. ಮಾರ್ಚ್ ಮಧ್ಯಾಹ್ನ ಆಕಾಶದ ನೀಲಿ ಹಚ್ಚುತ್ತ ಬಲಗಡೆ ತಲುಪುವಷ್ಟರಲ್ಲಿ ಎಡಗಡೆ ಒಣಗಿ ಪಟ್ಟೆ ಬೀಳುತ್ತದೆ. ಮೊದಲು ಹಾಳೆಯನ್ನು ಬರೀ ನೀರಿನಿಂದ ತೋಯಿಸಿಕೊಂಡು, ಬೇಕಾದಷ್ಟು ಬಣ್ಣ ಒಮ್ಮೆಗೇ ಕಲಸಿಟ್ಟು, ರಟ್ಟನ್ನು ತುಸು ಓರೆ ಹಿಡಿದು, ಬೆಳಗಿನ ಪೀರಿಯಡ್‌ನಲ್ಲೇ ಮುಗಿಸಬೇಕು. ರಬ್ಬರ್ ಉಜ್ಜಾಡಿದ ಜಾಗದಲ್ಲಿ ಕಾಗದದ ನಾರು ಎದ್ದು ಬಣ್ಣ ಹೀರಿ ಕಲೆಯಾಗುತ್ತದೆ. ಮೊದಲ ರೇಖೆಯನ್ನು ಎಚ್‌ಬಿ ಪೆನ್ಸಿಲಿನಲ್ಲಿ ಹಗುರಕ್ಕೆ ಎಳೆಸಿ. ಇನ್ನೊಂದು ಮಾತು, ಸಾಮಾನು ಖರೀದಿಯನ್ನು ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಆತುರಕ್ಕೆ ಇಟ್ಟುಕೊಳ್ಳಬೇಡಿ. ಬೇಸಿಗೆ ರಜೆಯಲ್ಲಿ ಮುಚ್ಚಳ ಸಡಿಲವಿದ್ದ ಬಾಟಲಿಗಳು ಕಲ್ಲಾಗಿ ಕೂತಿರುತ್ತವೆ.

ಚಿತ್ರಕಲೆ ಎಂದರೆ ಹಾಳೆ, ಬಣ್ಣ ಮಾತ್ರ ಎಂದು ತಿಳಿದವರು ಹೊಲಿಗೆ ಕೋಣೆಗೆ ಬರಬೇಕು. ಇಳಕಲ್ಲ ಸೀರೆಯ ಜಿಲ್ಲೆಯಲ್ಲಿ ಕಸೂತಿಯನ್ನು ಹೊಲಿಗೆ ಯಂತ್ರದ ಪಕ್ಕದ ಹೊತ್ತುಗಳೆಯುವ ಕೆಲಸವಾಗಿ ಇಟ್ಟಿದ್ದೇವೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಇಡೀ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತವೆ. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಬೇಕು, ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತದೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಆಗ ಬಟ್ಟೆಯ ಎರಡೂ ಮೈ ಒಂದೇ ತರಹ ಕಾಣುತ್ತವೆ. ಕಲಿಯುವವರು ಎಡವುವುದು ಎರಡು ಕಡೆ. ಒಂದು, ನಾಲ್ಕು ಎಳೆಯ ಬದಲು ಎಲ್ಲೋ ಒಮ್ಮೆ ಐದು ಎಳೆ ದಾಟಿರುತ್ತಾರೆ. ಆ ತಪ್ಪು ಅಲ್ಲಿ ಕಾಣುವುದಿಲ್ಲ, ಮೂರು ಬೆರಳು ಮುಂದೆ ಹೋಗಿ ಮೂಲೆ ಕೂಡದಿದ್ದಾಗ ಕಾಣುತ್ತದೆ, ಅಷ್ಟನ್ನೂ ಬಿಚ್ಚಬೇಕು. ಇನ್ನೊಂದು, ಕೊಂಬೆ ಒಡೆಯುವ ವಿನ್ಯಾಸದಲ್ಲಿ ಮರಳಿ ಬರುವ ದಾರಿಯನ್ನು ಮೊದಲೇ ಯೋಚಿಸದೆ ಸಿಕ್ಕಿಹಾಕಿಕೊಳ್ಳುವುದು. ಇದಕ್ಕೆ ಚಿತ್ರಕಲಾ ಶಿಕ್ಷಕರ ನೆರವು ಬೇಕು. ಗ್ರಾಫ್ ಹಾಳೆಯಲ್ಲಿ ಹೋಗುವ ದಾರಿಯನ್ನು ಕೆಂಪಿನಲ್ಲಿ, ಬರುವ ದಾರಿಯನ್ನು ನೀಲಿಯಲ್ಲಿ ಬರೆಸಿದ ಮೇಲೆಯೇ ಸೂಜಿ ಕೊಡಿ. ಶುರುವಿಗೆ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಆರೆಳೆ ಕಾಟನ್ ದಾರದಲ್ಲಿ ಬಿಡಿಸಿದ ಎರಡೆಳೆ. ದಾರ ಮೊಳದುದ್ದಕ್ಕಿಂತ ಹೆಚ್ಚು ಬೇಡ, ಉದ್ದವಾದರೆ ಜುಂಜು ಏಳುತ್ತದೆ. ರೇಷ್ಮೆ ಸೆರಗಿನ ಮೇಲೆ ಕೈ ಇಡುವುದು ಎರಡನೆಯ ವರ್ಷ.

ಮಣ್ಣಿನ ಕೆಲಸಕ್ಕೆ ಜ್ಯೇಷ್ಠದ ಕೊನೆಯ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಸಾಕು. ಮೊದಲು ಮಣ್ಣೆತ್ತು, ಅದರ ಬೆನ್ನಿಗೇ ಆಷಾಢದಲ್ಲಿ ಗುಳ್ಳವ್ವ ಎಂಬ ಮಣ್ಣಿನ ಮೂರ್ತಿ. ಗುಳ್ಳವ್ವನನ್ನು ಮಾಡುವವರೂ ಹಾಡುವವರೂ ಹುಡುಗಿಯರೇ ಆದ್ದರಿಂದ ಶಿಲ್ಪ, ಹಾಡು ಎರಡೂ ಒಂದೇ ಪಾಠದಲ್ಲಿ ಸಿಗುತ್ತವೆ. ಹೊಲದ ಎರೆಮಣ್ಣನ್ನು ನೇರ ತಂದರೆ ಮೂರ್ತಿ ಒಡೆಯುತ್ತದೆ: ಎರೆ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಕುಂಬಾರರಿಂದ ಕೆರೆಮಣ್ಣು ತಂದು, ಎರಡು ದಿನ ನೆನೆಸಿ, ಜರಡಿ ಹಿಡಿದು, ಐದರಲ್ಲಿ ಒಂದು ಪಾಲು ಸಣ್ಣ ಉಸುಕು, ಹಿಂಜಿದ ಹತ್ತಿ ಸೇರಿಸಿ ನಾದಬೇಕು. ನೆರಳಲ್ಲಿ ಒದ್ದೆ ಬಟ್ಟೆ ಮುಚ್ಚಿ ನಿಧಾನಕ್ಕೆ ಒಣಗಿಸಬೇಕು. ಅಲಂಕಾರಕ್ಕೆ ಮಾತ್ರ ಗುಲಗಂಜಿ ಬೇಡ. ಅದರ ಬೀಜ ವಿಷ, ಒಡೆದು ಬಾಯಿಗೆ ಹೋದರೆ ಅಪಾಯ. ಕೆಂಪು ಮಣಿ ಅಂಟಿಸಿದರೆ ನಡೆಯುತ್ತದೆ.

ಸಂಗೀತದ್ದು ಬೇರೆಯೇ ತೊಂದರೆ. ಶಾಲೆಯ ಹಾರ್ಮೋನಿಯಂ ನುಡಿಸುವವರು ಸಾಮಾನ್ಯವಾಗಿ ಗಂಡಸರು, ಅವರ ಕೈ ತಾನಾಗಿ ಕರಿ ಒಂದಕ್ಕೆ, ಅಂದರೆ ಸಪ್ತಕದ ಮೊದಲ ಕಪ್ಪು ಮನೆಗೆ, ಹೋಗುತ್ತದೆ. ಅದು ಗಂಡು ದನಿಯ ಷಡ್ಜ, ಅಂದರೆ ಆಧಾರದ ‘ಸಾ’. ಹುಡುಗಿಯರು ಅದನ್ನು ಕೆಳಗಿನ ಸಪ್ತಕದಲ್ಲಿ ಹಿಡಿದರೆ ದನಿಯೇ ಹೊರಡುವುದಿಲ್ಲ, ಮೇಲಿನದರಲ್ಲಿ ಹಿಡಿದರೆ ಹಾಡು ಮೇಲೇರುವ ಅಂತರಾದಲ್ಲಿ ಕಿರುಚುತ್ತಾರೆ. ‘ಮಕ್ಕಳಿಗೆ ಶ್ರುತಿ ಇಲ್ಲ’ ಎಂಬ ದೂರಿನ ಅರ್ಧ ಭಾಗ ಇಲ್ಲಿಂದ ಹುಟ್ಟಿದ್ದು. 13–15 ವಯಸ್ಸಿನ ಹುಡುಗಿಯರ ಗುಂಪಿಗೆ ಕರಿ ಮೂರರಿಂದ ಕರಿ ಐದರ ನಡುವೆ ಷಡ್ಜ ಇಟ್ಟು ನೋಡಿ. ತಬಲಾದ ಪ್ರಶ್ನೆ ಬರುತ್ತದೆ: ಶಾಲೆಯಲ್ಲಿ ಇರುವುದು ಕರಿ ಒಂದರ ಸಣ್ಣ ಬಾಯಿಯ ತಬಲಾ, ಅದನ್ನು ಕರಿ ಐದಕ್ಕೆ ಇಳಿಸಿದರೆ ಚರ್ಮ ಸಡಿಲಾಗಿ ನಾದ ಸಾಯುತ್ತದೆ. ಹೊಸದು ಕೊಳ್ಳಲು ದುಡ್ಡಿಲ್ಲದಿದ್ದರೆ ಷಡ್ಜವನ್ನು ಕರಿ ಮೂರಕ್ಕೆ ಇಡಿ. ಕರಿ ಒಂದು ಆಗ ಅದರ ಪಂಚಮ (‘ಪ’) ಆಗುತ್ತದೆ, ಇದ್ದ ತಬಲಾ ಇದ್ದ ಹಾಗೇ ಹೊಂದುತ್ತದೆ. ಹಾರ್ಮೋನಿಯಂನ ಒಂದು ಮನೆ ಮೂಕವಾದರೆ ಬಹುತೇಕ ರೀಡಿನಲ್ಲಿ ಧೂಳು ಕೂತಿರುತ್ತದೆ. ತೆಳು ಕಾಗದ ತೂರಿಸಿ ತೆಗೆಯಿರಿ. ಚಾಕು ಮುಟ್ಟಿಸಿದರೆ ಲೋಹ ಕೆರೆದು ಸ್ವರವೇ ಬದಲಾಗುತ್ತದೆ. ರಜೆಯಲ್ಲಿ ಪೆಟ್ಟಿಗೆಯೊಳಗೆ ಇಡದಿದ್ದರೆ ತಿದಿಯ ಚರ್ಮ ಇಲಿಗಳ ಪಾಲು.

ಏನು ಹಾಡಿಸಬೇಕು ಎನ್ನುವವರಿಗೆ ನಮ್ಮ ನೆಲದಲ್ಲಿ ಬರವಿಲ್ಲ. ಸಿನಿಮಾ ಗಾಯಕಿ, ಬೀಳಗಿಯ ಅಮೀರಬಾಯಿ ಕರ್ನಾಟಕಿ ಇದೇ ಜಿಲ್ಲೆಯವರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟವನ್ನು ಊರೂರಿಗೆ ಒಯ್ದವರು. ಬಯಲಾಟ ಅಕಾಡೆಮಿಯೇ ಬಾಗಲಕೋಟೆಯಲ್ಲಿದೆ. ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ಆಡುವ ಆಟ, ಶಾಲೆಗೆ ಅಷ್ಟೂ ಬೇಡ. ಭಾಮೆ–ದೂತಿಯರ ಮಾತಿನ ಜಗಳ, ಕೊರವಂಜಿಯ ಪ್ರವೇಶ ಇಷ್ಟನ್ನೇ 20 ನಿಮಿಷಕ್ಕೆ ಕಟ್ಟಬಹುದು. ಹಾಡು, ಹಾಸ್ಯ, ಹೆಣ್ಣುಪಾತ್ರ ಮೂರೂ ಅಲ್ಲಿವೆ. ಕೃಷ್ಣನ ಪಾತ್ರಕ್ಕೆ ಹೊರಗಿನಿಂದ ಹುಡುಗನನ್ನು ಕರೆಸುವ ಪರಿಪಾಠ ಕೆಲವು ಕಡೆ ಇದೆ. ಬೇಡವೇ ಬೇಡ, ಕಿರೀಟ ಹುಡುಗಿಗೂ ಒಪ್ಪುತ್ತದೆ.

ನಾಟಕದಲ್ಲಿ ಮೊದಲ ನಾಲ್ಕು ವಾರ ಮಾತು ಕಂಠಪಾಠ ಮಾಡಿಸಬೇಡಿ. ದನಿ ತೆಗೆಯುವುದನ್ನು ಕಲಿಸಿ. ಮನೆಯಲ್ಲಿ ‘ಮೆಲ್ಲಗ ಮಾತಾಡು’ ಎಂದೇ ಕೇಳಿ ಬೆಳೆದವರಿಗೆ ಜೋರು ಎಂದರೆ ಗಂಟಲು ಹರಿದುಕೊಳ್ಳುವುದು. ಹೊಟ್ಟೆಗೆ ಉಸಿರು ತುಂಬಿ, ಹಿಂದಿನ ಗೋಡೆಗೆ ಒಂದು ಸಾಲು ಮುಟ್ಟಿಸುವ ಅಭ್ಯಾಸ ದಿನಕ್ಕೆ ಐದು ನಿಮಿಷ ಸಾಕು. ಸಾಲಿನ ಕೊನೆಯಲ್ಲಿ ದನಿ ಇಳಿಸುವುದು ಎಲ್ಲ ಮಕ್ಕಳ ಚಾಳಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ‘ಬರ್ತೀನಿ’ ಎಂದಳೋ ‘ಬರೋದಿಲ್ಲ’ ಎಂದಳೋ ಮೂರನೆಯ ಸಾಲಿನವರಿಗೇ ತಿಳಿಯದು. ಮೈಕು ಕೂಗಿಕೊಳ್ಳುವುದಕ್ಕೆ ಆಪರೇಟರನ್ನು ಬೈಯುವ ಮೊದಲು ಸ್ಪೀಕರ್ ಎಲ್ಲಿದೆ ನೋಡಿ. ಅದು ಮೈಕಿನ ಹಿಂದಿದ್ದರೆ ಅದರ ಸದ್ದನ್ನೇ ಮೈಕು ಮತ್ತೆ ನುಂಗುತ್ತದೆ. ಸ್ಟೇಜಿನ ಮುಂದಕ್ಕೆ ತಂದು ಪ್ರೇಕ್ಷಕರ ಕಡೆ ತಿರುಗಿಸಿ. ಬೆಳಕಿಗೆ 500 ವ್ಯಾಟಿನ ಹ್ಯಾಲೊಜನ್ ಎರಡು ಹಾಕಿದರೆ ನಾಲ್ಕು ಆಂಪಿಯರ್ ದಾಟುತ್ತದೆ, ಐದು ಆಂಪಿಯರ್ ಪ್ಲಗ್ಗಿಗೆ ಮೂರನೆಯದನ್ನು ಸಿಕ್ಕಿಸಬೇಡಿ. ಎರಡು ದೀಪವನ್ನು ಎಡ–ಬಲದ ಮುಂಭಾಗದಿಂದ ಓರೆಯಾಗಿ ಬಿಟ್ಟರೆ ಮುಖದ ಭಾವ ಕಾಣುತ್ತದೆ. ತಲೆ ಮೇಲಿನ ಟ್ಯೂಬ್‌ಲೈಟಿನಲ್ಲಿ ಕಣ್ಣು ಬರೀ ಕುಳಿ.

ಕುಣಿತಕ್ಕೆ ನಯವಾದ ಕಲ್ಲುಹಾಸಿನ ಮೇಲೆ ಜಮಖಾನೆ ಹಾಸಬೇಡಿ, ಜಾರುತ್ತದೆ. ಬರಿಗಾಲಲ್ಲಿ ಸಿಮೆಂಟಿನ ಮೇಲೆ ದಿನವೂ ಹೆಜ್ಜೆ ಗುದ್ದಿದರೆ ಮೊಳಕಾಲು, ಹಿಮ್ಮಡಿ ನೋಯುತ್ತವೆ. ನೀರು ಹೊಡೆದು ಗಟ್ಟಿ ಮಾಡಿದ ಅಂಗಳದ ಮಣ್ಣೇ ಒಳ್ಳೆಯದು. ಕೋಲಾಟ, ಫುಗಡಿ ಹುಟ್ಟಿದ್ದೂ ಅಲ್ಲೇ.

ಹೆಣ್ಣುಮಕ್ಕಳ ಶಾಲೆಗೆ ವಿಶೇಷವಾಗಿ ಹೇಳಬೇಕಾದ ಎರಡು ಮಾತುಗಳಿವೆ. ವೇಷ ಬದಲಿಸಲು ಚಿಲಕ, ದೀಪ, ಕನ್ನಡಿ ಇರುವ ಕೋಣೆ ಮೊದಲು ಗೊತ್ತುಮಾಡಿ, ಆಮೇಲೆ ಕಾರ್ಯಕ್ರಮದ ಪಟ್ಟಿ. ಒಂದೇ ಕಾಡಿಗೆ ಕಡ್ಡಿಯನ್ನು ಇಪ್ಪತ್ತು ಕಣ್ಣಿಗೆ ಹಚ್ಚಿದರೆ ಕಣ್ಣುಬೇನೆ ಹರಡುತ್ತದೆ, ಒಬ್ಬೊಬ್ಬರಿಗೆ ಒಂದು ಹತ್ತಿಕಡ್ಡಿ ಕೊಡಿ. ಎರಡನೆಯದು ಮೊಬೈಲು. ಚಿತ್ರ ತೆಗೆಯುವವರು ಒಬ್ಬರೇ ಶಿಕ್ಷಕಿ, ಉಳಿದವರ ಮೊಬೈಲು ಬಾಗಿಲಲ್ಲೇ ಇರಲಿ ಎಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಿ. ಯಾರದೋ ಮೊಬೈಲಿನಿಂದ ಹರಿದಾಡಿದ ಒಂದು ವಿಡಿಯೋಗೆ ಹೆದರಿ ಮಗಳನ್ನು ಕುಣಿತ ಬಿಡಿಸುವ ತಂದೆತಾಯಿಗಳ ಮೇಲೆ ಸಿಟ್ಟಾಗಿ ಏನೂ ಸಾಗದು, ಅವರ ಹೆದರಿಕೆಗೆ ಕಾರಣ ಇದೆ.

ಬಾದಾಮಿ, ಪಟ್ಟದಕಲ್ಲಿಗೆ ಎಲ್ಲ ಶಾಲೆಗಳೂ ಪ್ರವಾಸ ಹೋಗುತ್ತವೆ, ಸೆಲ್ಫಿ ತೆಗೆದುಕೊಂಡು ಬರುತ್ತವೆ. ಅದೇ ಪ್ರವಾಸದಲ್ಲಿ ಕ್ಲಿಪ್ ಹಲಗೆ, 4ಬಿ ಪೆನ್ಸಿಲು, ಎರಡು ಹಾಳೆ ಕೈಗೆ ಕೊಟ್ಟು, ಒಂದೊಂದು ಗುಂಪಿಗೆ ಒಂದೇ ಕಂಬ ಅಥವಾ ಒಂದೇ ಶಿಖರದ ಹೊರಗೆರೆ ಎಂದು ಗೊತ್ತುಮಾಡಿ 40 ನಿಮಿಷ ಕೂಡಿಸಿ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷದ ಮೆಟ್ಟಿಲು ಮೆಟ್ಟಿಲಿನ ದ್ರಾವಿಡ ಶಿಖರ, ಗಳಗನಾಥದ ಬಾಗಿ ಏರುವ ನಾಗರ ಶಿಖರ ಒಂದೇ ಆವರಣದಲ್ಲಿವೆ; ಕಣ್ಣಿಗೆ ಗೊತ್ತಾಗದ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ವಿರೂಪಾಕ್ಷವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ ಎಂಬುದನ್ನೂ ಅಲ್ಲೇ ಕೂತು ಹೇಳಿ. ಬಾದಾಮಿಯಲ್ಲಿ ತಿಂಡಿಯ ಚೀಲ ಬಸ್ಸಿನಲ್ಲೇ ಬಿಡಿ, ಮಂಗಗಳು ಹಾಳೆಯನ್ನೂ ಬಿಡುವುದಿಲ್ಲ.

ಹತ್ತನೆಯ ತರಗತಿಗೆ ಇದೆಲ್ಲ ಬೇಡ, ಫಲಿತಾಂಶ ಬೀಳುತ್ತದೆ ಎಂಬುದು ಮುಖ್ಯಶಿಕ್ಷಕರ ಮಾತು. ಡಿಸೆಂಬರಿನಲ್ಲಿ ಮೂರು ವಾರ ತಾಲೀಮು ಮಾಡಿಸುವುದರಿಂದ ಹೋಗುವ ವೇಳೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ವಾರಕ್ಕೆ 80 ನಿಮಿಷದಂತೆ ಜೂನ್‌ನಿಂದ ನಡೆದಿದ್ದರೆ ಗ್ಯಾದರಿಂಗಿಗೆ ಎರಡು ರಿಹರ್ಸಲ್ ಸಾಕು. ಒಬ್ಬರೇ ಕಲಾ ಶಿಕ್ಷಕರಿರುವ ಕಡೆ ಇಡೀ ತರಗತಿಗೆ ಒಂದೇ ಕಲೆ ಎನ್ನದೆ ಅರ್ಧ ಮಕ್ಕಳು ಚಿತ್ರ, ಅರ್ಧ ಮಕ್ಕಳು ಕಸೂತಿ, ತಿಂಗಳಿಗೊಮ್ಮೆ ಅದಲು ಬದಲು ಮಾಡಬಹುದು. ಹುದ್ದೆ ಖಾಲಿ ಇರುವಲ್ಲಿ ಹತ್ತಿರದ ಎರಡು ಶಾಲೆಗಳು ಒಬ್ಬರನ್ನೇ ಮಂಗಳವಾರ ಇಲ್ಲಿ, ಗುರುವಾರ ಅಲ್ಲಿ ಎಂದು ಹಂಚಿಕೊಳ್ಳಲು ಇಲಾಖೆ ಒಪ್ಪಬೇಕು. ಶಾಲೆಯಿಂದ ಬೇಕಾದದ್ದು ನೀರಿನ ನಲ್ಲಿ ಹತ್ತಿರವಿರುವ ಒಂದು ಕೊಠಡಿ, ಬೀಗವಿರುವ ಒಂದು ಕಪಾಟು. ಆ ಬೀಗದ ಕೈ ಕಲಾ ಶಿಕ್ಷಕರ ಹತ್ತಿರವೇ ಇರಲಿ. ಆಫೀಸಿನಲ್ಲಿದ್ದರೆ ಅದನ್ನು ತರಲು ಹೋಗಿ ಬರುವಷ್ಟರಲ್ಲಿ ಕಾಲು ಪೀರಿಯಡ್ ಮುಗಿದಿರುತ್ತದೆ.

— ಚಿತ್ರಕಲೆ, ಸಂಗೀತ ಮತ್ತು ಹೊಲಿಗೆ ವಿಷಯಗಳ ಕೆಲವು ಶಿಕ್ಷಕಿಯರು, ಬಾಗಲಕೋಟೆ