ಸಂಕದ ಮೇಲೆ ಕಾಯುತ್ತಿದ್ದ ಗುಲಾಬಿ ದೆವ್ವಕ್ಕೆ

ಪ್ರೀತಿಯ ಗೆಳೆಯ,

ಶಿರಸಿಯಲ್ಲಿ ಮಳೆ ಹಿಡಿದು ಹನ್ನೊಂದು ದಿನವಾಯಿತು. ಕರೆಂಟು ಇದ್ದಾಗ ಕಚೇರಿಯ ಕೆಲಸ, ಹೋದಾಗ ಬ್ಯಾಟರಿ ಇರುವ ಎರಡು ತಾಸು ನನ್ನ ಸ್ವಂತದ ಹುಚ್ಚು. ಕಾರವಾರದ ಕೋಡಿಬಾಗದಲ್ಲಿ ನಿನ್ನ ಮಾವನ ಮನೆಯ ಕಂಪ್ಯೂಟರಿನಲ್ಲಿ ಬೇಸಿಗೆ ರಜೆಯಿಡೀ ಆಡಿದೆವಲ್ಲ, ಪ್ಯಾಕ್‌ಮ್ಯಾನ್? ನಾಲ್ಕು ದೆವ್ವಗಳಿಂದ ತಪ್ಪಿಸಿಕೊಳ್ಳುತ್ತ ಗೋಡೆಗಳ ನಡುವಿನ ಚುಕ್ಕಿಗಳನ್ನೆಲ್ಲ ತಿನ್ನುವ ಆ ಆಟವನ್ನು ಮೊದಲ ಸಾಲಿನಿಂದ ನಾನೇ ಬರೆದಿದ್ದೇನೆ, ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಯುಗಾದಿಗೆ ಶುರು ಮಾಡಿದಾಗ ಎರಡು ವಾರದ ಕೆಲಸವೆಂದು ಅಕ್ಕನ ಹತ್ತಿರ ಜಂಬ ಕೊಚ್ಚಿದ್ದೆ. ಅವಳು ಈಗಲೂ ಫೋನ್ ಮಾಡಿದಾಗೆಲ್ಲ ಎಷ್ಟನೆಯ ವಾರ ಎಂದು ಕೇಳುತ್ತಾಳೆ.

ಗೋಡೆ ಕಟ್ಟುವುದು, ಬಾಯಿ ತೆರೆದು ಮುಚ್ಚುವ ಹಳದಿ ಚಕ್ರವನ್ನು ಓಡಿಸುವುದು ಸುಲಭವಾಗಿಯೇ ಆಯಿತು. ಆಮೇಲೆ ಚುಕ್ಕಿಗಳು ಕಾಡಿದವು. 240 ಸಣ್ಣವು, 4 ದೊಡ್ಡವು, ಒಟ್ಟು 244. ಎಲ್ಲವನ್ನೂ ತಿಂದರೂ ಆಟ ಮುಗಿಯುತ್ತಿರಲಿಲ್ಲ. ಮೂರು ರಾತ್ರಿ ಲೆಕ್ಕದ ಸಾಲುಗಳನ್ನು ತಿದ್ದಿದೆ, ಕೆಡಿಸಿದೆ. ನಾಲ್ಕನೆಯ ದಿನ ಚಹಾ ತಂದ ಅಮ್ಮ ಪರದೆಯತ್ತ ನೋಡಿ, "ಎಡಗಡೆ ಒಂದು ಚುಕ್ಕಿ ತಪ್ಪಿದೆಯಲ್ಲ" ಎಂದಳು. ದಿನಾ ಅಂಗಳದಲ್ಲಿ ರಂಗೋಲಿ ಹಾಕುವ ಕಣ್ಣು. ಎಡವೂ ಬಲವೂ ಸರಿಸಮ ಇರಬೇಕಾದ ಚಿತ್ರದಲ್ಲಿ ಒಂದು ಚುಕ್ಕಿಯನ್ನು ನಾನು ಗೋಡೆಯೊಳಗೆ ಹೂತುಬಿಟ್ಟಿದ್ದೆ. ಅದನ್ನು ತಿನ್ನುವವರು ಯಾರು?

ನಿಜವಾದ ಪಜೀತಿ ದೆವ್ವಗಳದು. ನಾನು ಜಾಣತನ ಮಾಡಲು ಹೋಗಿ, ನಾಲ್ಕಕ್ಕೂ ಅತ್ಯಂತ ಹತ್ತಿರದ ದಾರಿ ಹುಡುಕುವ ವಿದ್ಯೆ ಕಲಿಸಿದೆ. ನಾಲ್ಕೂ ಗೂಡ್ಸ್ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಅಂಟಿಕೊಂಡು ಬಂದವು. ತಪ್ಪಿಸಿಕೊಳ್ಳುವ ಮಜವೂ ಇಲ್ಲ, ಸಿಕ್ಕಿಬೀಳುವ ಭಯವೂ ಇಲ್ಲ. ಆಮೇಲೆ ಮೂಲ ಆಟ ಹೇಗೆ ನಡೆಯುತ್ತದೆ ಎಂದು ಓದಿದೆ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೊರು ಇವಾತಾನಿ ರೂಪಿಸಿದ ಈ ಆಟದಲ್ಲಿ ದೆವ್ವಗಳಿಗೆ ದಾರಿ ಹುಡುಕುವ ಬುದ್ಧಿಯೇ ಇಲ್ಲ. ಕವಲು ಬಂದಾಗ, ಗುರಿಯ ಕಡೆಗೆ ನೇರ ಗೆರೆ ಎಳೆದರೆ ಪಕ್ಕದ ಯಾವ ಮನೆ, ಅಂದರೆ ಪರದೆಯ ಚೌಕ, ಹತ್ತಿರವೋ ಅತ್ತ ಹೆಜ್ಜೆ, ಅಷ್ಟೇ. ಆದರೆ ಒಂದೊಂದರ ಗುರಿ ಬೇರೆ, ಒಂದೊಂದರ ಸ್ವಭಾವ ಬೇರೆ. ಜಪಾನಿನಲ್ಲಿ ಅವುಗಳ ಗುಣಕ್ಕೆ ಇಟ್ಟ ಹೆಸರುಗಳ ಅರ್ಥ ಕೇಳು: ಬೆನ್ನಟ್ಟುವವ, ಹೊಂಚು ಹಾಕುವವ, ಚಂಚಲ, ಏನೂ ಗೊತ್ತಿಲ್ಲದವನಂತೆ ಇರುವವ.

ಓದುತ್ತಿದ್ದಂತೆ ನಗು ಬಂತು ಮಾರಾಯ. ನಮ್ಮ ಅಡಿಕೆ ತೋಟದ ಕಳ್ಳ-ಪೊಲೀಸ್ ಆಟವೇ ಅದು! ಕೆಂಪು ದೆವ್ವ ಅಕ್ಕ. ಕಳ್ಳ ಇದ್ದಲ್ಲಿಗೇ ನೇರ ಓಟ, ಬೇರೆ ಯೋಚನೆಯಿಲ್ಲ. ಗುಲಾಬಿ ನೀನು. ಅದು ಪ್ಯಾಕ್‌ಮ್ಯಾನ್ ಇರುವಲ್ಲಿಗೆ ಬರುವುದಿಲ್ಲ, ಅವನ ಮುಖ ಇರುವ ಕಡೆಗೆ ನಾಲ್ಕು ಮನೆ ಮುಂದಕ್ಕೆ ಗುರಿ ಇಡುತ್ತದೆ. ನೀನೂ ಓಡುತ್ತಿರಲಿಲ್ಲ. ಬಸಿಗಾಲುವೆ ದಾಟಲು ಇದ್ದ ಒಂದೇ ಸಂಕದ ಮೇಲೆ, ಪಾಚಿಗಟ್ಟಿದ ಆ ಅಡಿಕೆ ಮರದ ತುಂಡಿನ ಮೇಲೆ, ಕಾಲು ಇಳಿಬಿಟ್ಟು ಕುಳಿತಿರುತ್ತಿದ್ದೆ. ಇನ್ನೊಂದು ವಿಷಯ: ಎದುರಿನಿಂದ ನೇರ ಮೈಮೇಲೆ ನುಗ್ಗಿದರೆ ಗುಲಾಬಿಯ ಗುರಿ ಅದರ ಬೆನ್ನ ಹಿಂದೆ ಬೀಳುವುದರಿಂದ ಎಷ್ಟೋ ಸಲ ಅದೇ ಪಕ್ಕದ ದಾರಿ ಹಿಡಿಯುತ್ತದೆ. ನೀನೂ ಹಾಗೆಯೇ ಸರಿದು ಒಮ್ಮೆ ಕಾಲುವೆಗೆ ಬಿದ್ದದ್ದು ನೆನಪಿದೆಯೇ?

ನೀಲಿಯ ಗುರಿ ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಅಕ್ಕನ ಮುಖ ನೋಡದೆ ಹೆಜ್ಜೆ ಎತ್ತದ ನಿನ್ನ ತಮ್ಮ! ಕಿತ್ತಳೆ ಬಣ್ಣದ್ದು ದೂರದಿಂದ ಭರ್ಜರಿಯಾಗಿ ಬೆನ್ನಟ್ಟಿ, ಎಂಟು ಮನೆಯಷ್ಟು ಹತ್ತಿರ ಬಂದ ಕೂಡಲೇ ತನ್ನ ಮೂಲೆಗೆ ತಿರುಗುತ್ತದೆ. ಅದು ಯಾರೆಂದು ನಾನು ಬರೆಯುವುದಿಲ್ಲ.

ಮೂಲ ಆಟದಲ್ಲಿ ಒಂದು ದೋಷವೂ ಇದೆ. ಪ್ಯಾಕ್‌ಮ್ಯಾನ್ ಮೇಲ್ಮುಖವಾಗಿದ್ದಾಗ ಗುಲಾಬಿಯ ಗುರಿ ನಾಲ್ಕು ಮನೆ ಮೇಲಕ್ಕೆ ಹೋಗುವ ಜೊತೆಗೆ ನಾಲ್ಕು ಮನೆ ಎಡಕ್ಕೂ ಸರಿಯುತ್ತದೆ. ನಾನು ಮೊದಲು ಅದನ್ನು ಸರಿಯಾಗಿಯೇ ಬರೆದಿದ್ದೆ. ಆಡಿದರೆ ಕೈಗೆ ಪರಿಚಯವೇ ಹತ್ತಲಿಲ್ಲ. ಕೊನೆಗೆ ಒಂದು ಇಡೀ ಸಂಜೆ ಕುಳಿತು ಶ್ರದ್ಧೆಯಿಂದ ತಪ್ಪು ಸೇರಿಸಿದೆ.

ಹೆಸರು, ಚಿತ್ರ, ಸದ್ದು ಕಂಪನಿಯ ಸ್ವತ್ತು. ಆದ್ದರಿಂದ ಇದನ್ನು ಎಲ್ಲಿಯೂ ಮಾರುವುದಿಲ್ಲ. ಮನೆಯ ಮಟ್ಟಿಗೆ ಅಷ್ಟೇ. ಫೈಲ್ ಕಳಿಸಿದ್ದೇನೆ. ಮೊಬೈಲಿನಲ್ಲಿ ತಿರುವು ಇನ್ನೂ ತಡವಾಗುತ್ತದೆ, ಕಂಪ್ಯೂಟರಿನಲ್ಲೇ ಆಡು. ತಮ್ಮನಿಗೂ ಕೊಡು, ಆದರೆ ನೀಲಿ ಅವನೆಂದು ಮೊದಲೇ ಹೇಳಬೇಡ.

ಇತಿ ನಿನ್ನ,
ಮೂಲೆಗೆ ಓಡುವವ